ಚಿಗಟದ ಗುಟ್ಟು ಕಂಡುಹಿಡಿದ ಡಾಕ್ಟರ್

ನಮ್ಮ ಊರು ಗೋಪಾಲಸ್ವಾಮಿ ಬೆಟ್ಟದ ತಪ್ಪಲಲ್ಲಿದೆ. ನಮ್ಮ ಮನೆ ಬೆಕ್ಕಿಗೆ ಚಿಗಟ ಜಾಸ್ತಿ. ಅದು ನನ್ನ ಮಗ್ಗುಲಲ್ಲೇ ಮಲಗುತ್ತೆ. ಚಿಗಟ ಕಚ್ಚಿ ನನ್ನ ಕಾಲೆಲ್ಲ ದದ್ದು. ಅವ್ವ ಬೆಕ್ಕನ್ನು ದೂರ ಬಿಟ್ಟು ಬಾ ಅಂದಳು. ನಾನು ಅತ್ತೆ. ಆಗ ನಮ್ಮ ವಿಜ್ಞಾನದ ಮೇಷ್ಟ್ರು ಒಬ್ಬ ಡಾಕ್ಟರ ಜೀವನ ಹೇಳಿದರು. ಅದನ್ನೇ ಬರೆದಿದ್ದೇನೆ.

ಅವರ ಹೆಸರು ಪಾಲ್ ಲೂಯಿ ಸಿಮೊಂಡ್. 1858ರಲ್ಲಿ ಫ್ರಾನ್ಸ್ ದೇಶದಲ್ಲಿ ಹುಟ್ಟಿದರು. 1894ರಲ್ಲಿ ಯೆರ್ಸಿನ್ ಎಂಬ ವಿಜ್ಞಾನಿ ಹಾಂಗ್‌ಕಾಂಗ್‌ನಲ್ಲಿ ಪ್ಲೇಗಿನ ಬ್ಯಾಕ್ಟೀರಿಯಾ ಕಂಡುಹಿಡಿದಿದ್ದರು. ಆದರೆ ಅದು ಇಲಿಯಿಂದ ಮನುಷ್ಯನಿಗೆ ಹೇಗೆ ಬರುತ್ತೆ ಅಂತ ಗೊತ್ತಿರಲಿಲ್ಲ. 1896ರಲ್ಲಿ ಬೊಂಬಾಯಿಗೆ ಪ್ಲೇಗ್ ಬಂತು. 1898ರಲ್ಲಿ ಬೆಂಗಳೂರಿಗೂ ಬಂತು. ಸಾವಿರಾರು ಜನ ಸತ್ತರು. ಆಗೆಲ್ಲ ಮನೆಯಲ್ಲಿ ಇಲಿ ಬಿದ್ದರೆ ಜನ ಊರು ಬಿಟ್ಟು ಹೊಲದಲ್ಲಿ ಗುಡ್ಲು ಹಾಕಿಕೊಳ್ಳುತ್ತಿದ್ದರಂತೆ. ಇದು ನಮ್ಮಜ್ಜಿ ಅವರ ಅಜ್ಜಿಯಿಂದ ಕೇಳಿದ್ದು.

ಸಿಮೊಂಡ್ 1897ರಲ್ಲಿ ನಮ್ಮ ದೇಶಕ್ಕೆ ಬಂದರು. ಕೆಲವು ರೋಗಿಗಳ ಮೈಮೇಲೆ ಸಣ್ಣ ಬೊಬ್ಬೆ ಇರುವುದನ್ನು ನೋಡಿದರು. ಅದರ ನೀರಿನಲ್ಲಿ ಪ್ಲೇಗಿನ ಬ್ಯಾಕ್ಟೀರಿಯಾ ಇತ್ತು. ಇದು ಚಿಗಟ ಕಚ್ಚಿದ ಜಾಗ ಇರಬೇಕು ಅಂದುಕೊಂಡರು. ಆಗ ತಾನೇ ಸತ್ತ ಇಲಿ ಮುಟ್ಟಿದವರಿಗೆ ರೋಗ ಬರುತ್ತಿತ್ತು, ಸತ್ತು ಒಂದು ದಿನ ಕಳೆದ ಇಲಿ ಮುಟ್ಟಿದವರಿಗೆ ಬರುತ್ತಿರಲಿಲ್ಲ. ಯಾಕೆಂದರೆ ಇಲಿ ಮೈ ತಣ್ಣಗಾದರೆ ಚಿಗಟ ಬಿಟ್ಟು ಹೋಗುತ್ತೆ.

ಆಮೇಲೆ ಕರಾಚಿಯಲ್ಲಿ ಪ್ರಯೋಗ ಮಾಡಿದರು. ಒಂದು ದೊಡ್ಡ ಗಾಜಿನ ಜಾಡಿಯಲ್ಲಿ ಪ್ಲೇಗ್ ಬಂದ ಇಲಿ ಇಟ್ಟರು. ಚಿಗಟ ಸಾಲದು ಅಂತ ಹೋಟೆಲಿನಲ್ಲಿ ಓಡಾಡುತ್ತಿದ್ದ ಬೆಕ್ಕಿನ ಮೈಯಿಂದ ಇನ್ನಷ್ಟು ಹಿಡಿದು ಬಿಟ್ಟರು! ಆರೋಗ್ಯದ ಇಲಿಯನ್ನು ಪಂಜರದಲ್ಲಿ ಹಾಕಿ ಮೇಲೆ ನೇತುಹಾಕಿದರು. ಇಲಿಗಳು ಒಂದನ್ನೊಂದು ಮುಟ್ಟುವಂತಿರಲಿಲ್ಲ. ಆದರೂ ಕೆಲವೇ ದಿನದಲ್ಲಿ ಮೇಲಿನ ಇಲಿಯೂ ಪ್ಲೇಗಿನಿಂದ ಸತ್ತಿತು. ಚಿಗಟ ಇಲ್ಲದೆ ಮಾಡಿದಾಗ ರೋಗ ಹರಡಲಿಲ್ಲ. ಗುಟ್ಟು ತಿಳಿದ ದಿನ 1898ರ ಜೂನ್ 2.

ಆದರೆ ದೊಡ್ಡ ದೊಡ್ಡವರು ನಂಬಲಿಲ್ಲ. ಹಲವು ವರ್ಷ ಆದಮೇಲೆ ಬೇರೆಯವರೂ ಪ್ರಯೋಗ ಮಾಡಿ ಅವರು ಹೇಳಿದ್ದೇ ಸರಿ ಅಂತ ಒಪ್ಪಿದರು. ಸಿಮೊಂಡ್ ನಮಗೆ ಸ್ವಾತಂತ್ರ್ಯ ಬಂದ 1947ರಲ್ಲೇ ತೀರಿಕೊಂಡರು.

ಚಿಗಟದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜಾತಿ ಇವೆ. ಪ್ಲೇಗ್ ಹೆಚ್ಚು ಹರಡುವುದು ಇಲಿ ಚಿಗಟ. ಬೆಕ್ಕಿನ ಚಿಗಟವೂ ಬೇರೆ ಜ್ವರದ ಬ್ಯಾಕ್ಟೀರಿಯಾ ಹೊರುತ್ತೆ. ನಾವು ಹುಡುಗರು ಸತ್ತ ಇಲಿಯನ್ನು ಬಾಲ ಹಿಡಿದು ಎಸೆದಾಡಿದ್ದೇವೆ. ನಾನೂ ಎಸೆದಿದ್ದೇನೆ. ಇನ್ನು ಮೇಲೆ ಯಾರೂ ಕೈಯಲ್ಲಿ ಮುಟ್ಟಬಾರದು.

ಬೆಕ್ಕನ್ನು ನಾನು ಬಿಟ್ಟು ಬರಲಿಲ್ಲ. ದಿನಾ ಹೇನಿನ ಬಾಚಣಿಗೆಯಲ್ಲಿ ಬಾಚಿ ಚಿಗಟವನ್ನು ಸೋಪಿನ ನೀರಿಗೆ ಹಾಕುತ್ತೇನೆ. ಈಗ ಅದು ಜಗಲಿ ಮೇಲೆ ಮಲಗುತ್ತೆ. ಅವ್ವನೂ ಸುಮ್ಮನಾಗಿದ್ದಾಳೆ.

— 7ನೇ ತರಗತಿ ವಿದ್ಯಾರ್ಥಿ