ರಂಗೂನ್ ಪಟ್ಟಣದಲ್ಲಿ ಆನ್ ಜಡ್ಸನ್ ಅಮ್ಮನವರು

ಒಲೆ, ಗದ್ದೆ, ದನಕರು, ಮಕ್ಕಳು ಇವುಗಳ ನಡುವೆ ಕರ್ತನ ಸೇವೆಗೆ ತಮಗೆ ಸಮಯವೇ ಇಲ್ಲವೆಂದು ನಮ್ಮ ಸಭೆಗಳ ಸಹೋದರಿಯರು ದುಃಖಪಡುವದನ್ನು ನಾವು ಊರೂರಿಗೆ ಹೋಗುವಾಗ ಎಷ್ಟೋ ಸಾರಿ ಕೇಳಿದ್ದೇವೆ. ಅಂಥವರ ಧೈರ್ಯಕ್ಕಾಗಿ, ಅಡಿಗೆಮನೆಯ ಕೆಲಸದಲ್ಲಿಯೇ ಒಂದು ಪರಭಾಷೆಯನ್ನು ಕಲಿತು ಅದರಲ್ಲಿ ಕ್ರಿಸ್ತನನ್ನು ಸಾರಿದ ಒಬ್ಬ ಉಪಾಧ್ಯಾಯಿನಿಯ ಚರಿತ್ರೆಯನ್ನು ಈ ತಿಂಗಳು ಬರೆಯುತ್ತೇವೆ.

ಆನ್ ಹ್ಯಾಸೆಲ್ಟಿನ್ ಎಂಬವರು 1789ನೇ ಇಸವಿ ಡಿಸೆಂಬರ್ 22ರಂದು ಅಮೇರಿಕಾ ದೇಶದ ಬ್ರಾಡ್‌ಫರ್ಡ್ ಎಂಬ ಊರಿನಲ್ಲಿ ಹುಟ್ಟಿದರು. ಯೌವನದಲ್ಲಿ ಮನಸ್ಸು ತಿರುಗಿ ಕರ್ತನಿಗೆ ತಮ್ಮನ್ನು ಒಪ್ಪಿಸಿಕೊಟ್ಟು, ಕೆಲವು ಕಾಲ ಶಾಲೆಯಲ್ಲಿ ಮಕ್ಕಳಿಗೆ ಕಲಿಸಿದರು. 1812ನೇ ಇಸವಿ ಫೆಬ್ರವರಿ 5ರಂದು ಅಡೋನಿರಾಮ್ ಜಡ್ಸನ್ ಅಯ್ಯನವರನ್ನು ಮದುವೆಯಾಗಿ, ಅದೇ ತಿಂಗಳು 19ರಂದು ಅವರೊಡನೆ ಹಡಗು ಹತ್ತಿದರು. ಕಲ್ಕತ್ತೆಯನ್ನು ಮುಟ್ಟಿದಾಗ, ಆ ಕಾಲದಲ್ಲಿ ರಾಜ್ಯವಾಳುತ್ತಿದ್ದ ಈಸ್ಟ್ ಇಂಡಿಯಾ ಕಂಪನಿಯವರು ಅವರನ್ನು ಅಲ್ಲಿ ಇರಗೊಡಿಸಲಿಲ್ಲ. ಅವರು ಮಾರಿಷಸ್ ದ್ವೀಪಕ್ಕೆ ಹೋಗಿ, ಅಲ್ಲಿಂದ 1813ರಲ್ಲಿ ಮದರಾಸಿಗೆ ಬಂದರು. ಅಲ್ಲಿಯೂ ಹಿಂದಕ್ಕೆ ಕಳುಹಿಸಲ್ಪಡುವ ಭಯವಿದ್ದದರಿಂದ, ಬರ್ಮಾ ದೇಶದ ರಂಗೂನಿಗೆ ಹೊರಟಿದ್ದ ಒಂದು ಹಡಗನ್ನು ಹತ್ತಿದರು. ಆ ಪ್ರಯಾಣದಲ್ಲಿ ಅವರ ಚೊಚ್ಚಲ ಕೂಸು ಸತ್ತೇ ಹುಟ್ಟಿತು. ಹೀಗೆ ಬರಿಗೈಯಿಂದ, ರೋಗಿಯಾಗಿ, ಜುಲೈ 13ರಂದು ಅವರು ರಂಗೂನನ್ನು ಸೇರಿದರು. ಆ ಪಟ್ಟಣಕ್ಕೆ ಈಗ ಯಾಂಗೋನ್ ಎಂದೂ ಆ ದೇಶಕ್ಕೆ ಮ್ಯಾನ್ಮಾರ್ ಎಂದೂ ಹೆಸರು.

ಅಮ್ಮನವರಿಗೆ ನಡೆಯುವ ಶಕ್ತಿ ಇರಲಿಲ್ಲವಾದಕಾರಣ, ಜನರು ಅವರನ್ನು ಕುರ್ಚಿಯಲ್ಲಿ ಕೂರಿಸಿ, ಬಿದಿರು ಕಟ್ಟಿ ಹೊತ್ತುಕೊಂಡು ಹೋದರು. ದಾರಿಯಲ್ಲಿ ನೆರಳಿಗೆ ಇಳಿಸಿದಾಗ ಗುಂಪು ಕೂಡಿತು. ಬಿಳೀ ಹೆಂಗಸನ್ನು ನೋಡುವದು ಅವರಿಗೆ ಅಪರೂಪವಾಗಿತ್ತು. ಇವರು ಆಯಾಸದಿಂದ ತಲೆಬಾಗಿಸಿ ಕೂತಿರಲಾಗಿ, ಆ ಊರಿನ ಹೆಂಗಸರು ಹತ್ತಿರ ಬಂದು, ಬೊಗ್ಗಿ, ಟೋಪಿಯ ಕೆಳಗೆ ಇಣಿಕಿ ಮುಖವನ್ನು ನೋಡಿದರು. ಅಮ್ಮನವರು ತಲೆಯೆತ್ತಿ ಮುಗುಳ್ನಕ್ಕರು; ಆ ಹೆಂಗಸರೆಲ್ಲರೂ ಗಟ್ಟಿಯಾಗಿ ನಕ್ಕುಬಿಟ್ಟರು. ಒಂದು ಮಾತೂ ಬಾರದ ಆ ದಿವಸದಲ್ಲಿ ಅವರ ನಡುವೆ ನಡೆದ ಮೊದಲನೆಯ ಸಂಭಾಷಣೆಯು ಆ ನಗೆಯೇ ಎಂದು ನಾವು ಎಣಿಸುತ್ತೇವೆ.

ಅವರು ಇಳಿದ ಮಿಶನ್ ಮನೆಯು ಪಟ್ಟಣದ ಗೋಡೆಯ ಹೊರಗಿತ್ತು. ಕಳ್ಳರ ಭಯ ಬಹಳವಾಗಿತ್ತಾದ್ದರಿಂದ ಕೆಲವು ಕಾಲ ಗೋಡೆಯ ಒಳಗೆ ಹೋಗಿ ವಾಸಮಾಡಬೇಕಾಯಿತು. ಹುಟ್ಟಿದಂದಿನಿಂದ ತಿಂದಿದ್ದ ರೊಟ್ಟಿ, ಬೆಣ್ಣೆ, ಆಲೂಗೆಡ್ಡೆ ಯಾವದೂ ಅಲ್ಲಿ ಸಿಕ್ಕಲಿಲ್ಲ. ಅನ್ನ, ಕೋಳಿಸಾರು, ಸೌತೆಕಾಯಿ ಹಾಕಿ ಬೇಯಿಸಿದ ಕೋಳಿ, ಇವೇ ಅವರ ದಿನದ ಊಟ. ನಮಗೆ ಇದು ಹಬ್ಬದೂಟವೇ ಸರಿ. ಆದರೆ ನಮ್ಮವರು ಪರದೇಶದಲ್ಲಿ ರಾಗಿಯ ಮುದ್ದೆಯಿಲ್ಲದೆ ಹೇಗೆ ಹಂಬಲಿಸುತ್ತಾರೋ ಹಾಗೆಯೇ ಅವರಿಗೂ ಆಗಿದ್ದಿರಬೇಕು.

ಎಲ್ಲಕ್ಕಿಂತಲೂ ದೊಡ್ಡ ಕಷ್ಟ ಭಾಷೆಯದು. ಇಂಗ್ಲಿಷಿನಲ್ಲಿ ಅರ್ಥ ಹೇಳುವವರಿಲ್ಲ. ಅವರ ಪಂಡಿತನಿಗೆ ಇಂಗ್ಲಿಷ್ ಒಂದಕ್ಷರವೂ ಬಾರದು. ಅವರು ವಸ್ತುಗಳನ್ನು ಬೆರಳಿನಿಂದ ತೋರಿಸುವರು, ಅವನು ಹೆಸರು ಹೇಳುವನು. ಪುಸ್ತಕಗಳೋ ನಮ್ಮ ಹಿರಿಯರ ಓಲೆಗರಿಗಳ ಹಾಗೆ ತಾಳೆಗರಿಯ ಮೇಲೆ ಕೊರೆದ ದುಂಡು ಅಕ್ಷರಗಳು. ಒಂದು ಪದಕ್ಕೂ ಮತ್ತೊಂದು ಪದಕ್ಕೂ ನಡುವೆ ತೆರವಿಲ್ಲದೆ ಸಾಲೆಲ್ಲಾ ಒಂದೇ ಪದದಂತೆ ಕಾಣುತ್ತಿತ್ತು. ಮೊದಮೊದಲು ಪಂಡಿತನು ಹೆಂಗಸಿಗೆ ಕಲಿಸುವದರಲ್ಲಿ ಮನಸ್ಸಿಡಲಿಲ್ಲ. ಅಯ್ಯನವರು ತಮ್ಮ ಹೆಂಡತಿಯನ್ನು ತಮಗೆ ಸರಿಸಮಾನವಾಗಿ ನಡಿಸುವದನ್ನು ಕಂಡ ಮೇಲೆ, ಇಬ್ಬರಿಗೂ ಒಂದೇ ಶ್ರದ್ಧೆಯಿಂದ ಕಲಿಸಿದನು.

ಇನ್ನು ಗಮನಿಸಬೇಕಾದ ಸಂಗತಿ ಇದು. ಅಯ್ಯನವರು ದಿನವೆಲ್ಲಾ ಪುಸ್ತಕದ ಮುಂದೆ ಕೂತು ವ್ಯಾಕರಣವನ್ನು ಅಭ್ಯಾಸಮಾಡಿದರು. ಅಮ್ಮನವರೋ ಆಳುಗಳಿಗೆ ಕೆಲಸ ಹೇಳಬೇಕು, ಅಕ್ಕಿ ಕೋಳಿಗಳ ಕ್ರಯ ಕೇಳಬೇಕು, ನೆರೆಯವರಿಗೆ ಉತ್ತರಕೊಡಬೇಕು. ಓದು ಪದೇ ಪದೇ ನಿಂತುಹೋಗುತ್ತಿತ್ತು. ಆದರೆ ಕೆಲವು ಕಾಲದ ಮೇಲೆ ನೋಡಲಾಗಿ, ಭಾಷೆಯ ಕಟ್ಟನ್ನು ಅಯ್ಯನವರು ಹೆಚ್ಚಾಗಿ ಬಲ್ಲವರಾಗಿದ್ದರೂ, ಆಡುವದರಲ್ಲಿಯೂ ಜನರ ಮಾತನ್ನು ತಿಳಿಯುವದರಲ್ಲಿಯೂ ಅಮ್ಮನವರೇ ಮುಂದಾಗಿದ್ದರು. ಯಾವದು ಅಡ್ಡಿಯೆಂದು ತೋರಿತೋ ಅದೇ ಅವರಿಗೆ ಪಾಠಶಾಲೆಯಾಯಿತು.

ಅವರು ಪಟ್ಟಣದ ರಾಜಪ್ರತಿನಿಧಿಯ ಹೆಂಡತಿಯನ್ನು ಕಾಣಲು ಹೋಗಿ ಪರಿಚಯ ಮಾಡಿಕೊಂಡರು. 1815ನೇ ಇಸವಿ ಸೆಪ್ಟೆಂಬರ್ 11ರಂದು ಅವರಿಗೆ ರೋಜರ್ ಎಂಬ ಗಂಡುಕೂಸು ಹುಟ್ಟಿತು. ಎಂಟು ತಿಂಗಳು ತುಂಬುವಷ್ಟರಲ್ಲಿ, 1816ರ ಮೇ ತಿಂಗಳಲ್ಲಿ, ಆ ಕೂಸು ಜ್ವರದಿಂದ ತೀರಿಹೋಯಿತು. ಆಗ ಆ ದೊಡ್ಡ ಮನೆತನದ ಹೆಂಗಸು ಪರಿವಾರದೊಡನೆ ಮಿಶನ್ ಮನೆಗೆ ಬಂದು, ಮಣ್ಣುಮಾಡುವಾಗ ತನಗೆ ಯಾಕೆ ಹೇಳಿಕಳುಹಿಸಲಿಲ್ಲವೆಂದು ಕೇಳಿ ಸಮಾಧಾನಪಡಿಸಿದಳು. ಮತವು ಬೇರೆಯಾದರೂ ತಾಯಿಯ ದುಃಖವನ್ನು ಅವಳು ತಿಳಿದಳು.

ಆರು ವರುಷ ಒಬ್ಬನಾದರೂ ಕ್ರಿಸ್ತನ ಕಡೆಗೆ ತಿರುಗಲಿಲ್ಲ. ಆದರೂ ಅಮ್ಮನವರು ಭಾನುವಾರಗಳಲ್ಲಿ ಹೆಂಗಸರನ್ನು ಕೂಡಿಸಿ ಬೋಧಿಸುತ್ತಾ, ಬರ್ಮಾ ಭಾಷೆಯಲ್ಲಿ ಒಂದು ಪ್ರಶ್ನೋತ್ತರ ಪುಸ್ತಕವನ್ನು ಬರೆದರು. ರಂಗೂನಿನಲ್ಲಿದ್ದ ಸಯಾಮಿನವರನ್ನು ಕಂಡು ಅವರ ಭಾಷೆಯನ್ನೂ ಕಲಿತು, ಮತ್ತಾಯನ ಸುವಾರ್ತೆಯನ್ನು ಅದಕ್ಕೆ ತಿರುಗಿಸಿದರು. 1819ರಲ್ಲಿ ಅಯ್ಯನವರು ದಾರಿಯ ಬದಿಯಲ್ಲಿ ಜಯಾತ್ ಎಂಬ ಛಾವಡಿಯನ್ನು ಕಟ್ಟಿಸಿದರು. ಅದು ನಮ್ಮ ದಾರಿಗಳಲ್ಲಿರುವ ಛತ್ರದಂಥದು. ದಾರಿಗರು ಬಂದು ಕೂತು ಕೇಳುವರು. ಆ ವರುಷ ಜೂನ್ 27ರಂದು ಮೌಂಗ್ ನೌ ಎಂಬ ಬಡ ಕೂಲಿಯವನು ದೀಕ್ಷಾಸ್ನಾನ ಹೊಂದಿದನು. 1820ರಲ್ಲಿ ಮಾ ಮೆನ್‌ಲಾ ಎಂಬ ಹೆಂಗಸು ಸಭೆಗೆ ಸೇರಿದಳು.

ರೋಗದ ನಿಮಿತ್ತ ಅಮ್ಮನವರು ಸ್ವದೇಶಕ್ಕೆ ಹೋಗಿ, 1823ರ ಡಿಸೆಂಬರಿನಲ್ಲಿ ತಿರುಗಿ ಬಂದರು. ಬಳಿಕ ಇಬ್ಬರೂ ರಾಜಧಾನಿಯಾದ ಆವಾಕ್ಕೆ ಹೋದರು. ಅಲ್ಲಿ ಅಮ್ಮನವರು ಮೂವರು ಹುಡುಗಿಯರಿಂದ ಶಾಲೆಯನ್ನು ಪ್ರಾರಂಭಿಸಿದರು. ಅಷ್ಟರಲ್ಲಿ ಇಂಗ್ಲಿಷರಿಗೂ ಬರ್ಮಾ ಅರಸನಿಗೂ ಯುದ್ಧವೆದ್ದು, 1824ರ ಜೂನ್ 8ರಂದು ಅಯ್ಯನವರನ್ನು ಗೂಢಚಾರನೆಂದು ಹಿಡಿದು ಬೇಡಿಹಾಕಿ ಸೆರೆಮನೆಗೆ ಹಾಕಿದರು. ಅಮ್ಮನವರು ಗರ್ಭಿಣಿಯಾಗಿ, ಅಧಿಕಾರಿಗಳ ಬಾಗಿಲಿಂದ ಬಾಗಿಲಿಗೆ ನಡೆದು ಬೇಡಿಕೊಂಡರು. ಸೆರೆಯವರಿಗೆ ಊಟ ಕಳುಹಿಸಿದರು. ಹೊಸ ಒಡಂಬಡಿಕೆಯ ಕೈಬರಹವನ್ನು ದಿಂಬಿನಲ್ಲಿ ಹೊಲಿದು ಬಚ್ಚಿಟ್ಟರು. ಆ ಸಂಕಟದಲ್ಲಿ ಅವರ ಬಾಯಿಗೆ ಬಂದದ್ದು ರಂಗೂನಿನ ಆಳುಗಳಿಂದಲೂ ನೆರೆಯವರಿಂದಲೂ ಕಲಿತ ಆ ಮಾತೇ. ಮುಂದೆ ಸೆರೆಯವರನ್ನು ಆಂಗ್‌ಬಿನ್‌ಲೆ ಎಂಬ ಹಳ್ಳಿಗೆ ಒಯ್ದಾಗ ಅಮ್ಮನವರು ಹಿಂಬಾಲಿಸಿ ಹೋಗಿ, ಕಠಿಣ ರೋಗದಲ್ಲಿ ಬಿದ್ದರು. ಎದೆಯಲ್ಲಿ ಹಾಲು ಬತ್ತಿತು. ಅಯ್ಯನವರು ಅಪ್ಪಣೆ ಪಡೆದು ಬೇಡಿಯ ಕಾಲಿನಿಂದಲೇ ಕೂಸು ಮರಿಯಳನ್ನು ಎತ್ತಿಕೊಂಡು ಮನೆಮನೆಗೆ ಹೋದರು. ಆ ಹಳ್ಳಿಯ ತಾಯಂದಿರು ಅದಕ್ಕೆ ಹಾಲೂಡಿಸಿದರು.

ಯುದ್ಧ ತೀರಿ ಬಿಡುಗಡೆಯಾದ ಮೇಲೆ, 1826ನೇ ಇಸವಿ ಅಕ್ಟೋಬರ್ 24ರಂದು, ಯಜಮಾನರು ದೂರದಲ್ಲಿದ್ದಾಗ, ಅಮ್ಮನವರು ಆಮ್‌ಹರ್ಸ್ಟ್ ಎಂಬ ಊರಿನಲ್ಲಿ ಜ್ವರದಿಂದ ಕರ್ತನಲ್ಲಿ ನಿದ್ರೆಹೋದರು. ಆಗ ಅವರ ವಯಸ್ಸು 36. ಆರು ತಿಂಗಳ ಮೇಲೆ ಮರಿಯಳನ್ನೂ ತಾಯಿಯ ಮಗ್ಗುಲಲ್ಲಿ ಮಣ್ಣುಮಾಡಿದರು. ಅಯ್ಯನವರು ಬರ್ಮಾ ಭಾಷೆಯ ಸತ್ಯವೇದವನ್ನು 1834ರಲ್ಲಿ ಮುಗಿಸಿದರು. ಅದೇ ವರುಷದಲ್ಲಿ ಬಾಸೆಲ್ ಮಿಶನಿನವರು ನಮ್ಮ ಮಂಗಳೂರಿಗೆ ಬಂದಿಳಿದರು. ಆ ಸತ್ಯವೇದವನ್ನು ಅಲ್ಲಿಯ ಸಭೆಗಳು ಇಂದಿಗೂ ಓದುತ್ತವೆ.

ಸಹೋದರಿಯರೇ, ಅಮ್ಮನವರು ತಮ್ಮ ಮೂರು ಮಕ್ಕಳಲ್ಲಿ ಇಬ್ಬರನ್ನು ಕಣ್ಣಮುಂದೆ ಕಳಕೊಂಡರು. ಫಲವನ್ನೋ ಸ್ವಲ್ಪವೇ ಕಂಡರು. ಆದರೂ ಅವರ ಮನೆವಾರ್ತೆಯ ಮಾತು ವ್ಯರ್ಥವಾಗಲಿಲ್ಲ. ನಿಮ್ಮ ಬಾವಿಕಟ್ಟೆ, ಸಂತೆ, ಒಲೆಯ ಬದಿ ಇವೇ ನಿಮ್ಮ ಛಾವಡಿಗಳು. ನೆರೆಯವಳು ಇಣಿಕಿ ನೋಡಿದರೆ ತಲೆಯೆತ್ತಿ ನಗಿರಿ. ಅಲ್ಲಿಂದಲೇ ಕರ್ತನು ಮುಂದಿನ ಮಾತನ್ನು ಕೊಡುವನು.