ಖಳನಟನು ರೈತನಾದುದು

ಈಜಿಪ್ತಿನ ಅರಬ್ಬಿ ಚಿತ್ರಗಳಲ್ಲಿ ಮಹಮೂದ್ ಅಲ್-ಮೆಲೀಗಿ ಎಂದರೆ ಕಳ್ಳ, ಕೊಲೆಗಡುಕ, ವಂಚಕ. 1910ರಲ್ಲಿ ಕೈರೋ ನಗರದಲ್ಲಿ ಜನಿಸಿ, ಫಾತಿಮಾ ರುಶ್ದಿಯವರ ನಾಟಕ ಮಂಡಲಿಯಲ್ಲಿ ಪಳಗಿದ ಇವರು ನೂರಾರು ಚಿತ್ರಗಳಲ್ಲಿ ಬಹುಮಟ್ಟಿಗೆ ಕೆಡುಕನಾಗಿಯೇ ಅನ್ನ ಸಂಪಾದಿಸಿದರು. ನಾಯಕನಟ ಫರೀದ್ ಶೌಕಿಯ ಕೈಯಲ್ಲಿ ಏಟು ತಿನ್ನುವುದು ಇವರಿಗೆ ನಿತ್ಯದ ಕೆಲಸ.

ಇಂಥವರನ್ನು ನಿರ್ದೇಶಕ ಯೂಸುಫ್ ಶಾಹೀನರು, ವಯಸ್ಸು ಅರವತ್ತನ್ನು ಸಮೀಪಿಸಿದಾಗ, 'ಅಲ್-ಅರ್ದ್' ಅಂದರೆ 'ಭೂಮಿ' ಎಂಬ ಚಿತ್ರಕ್ಕೆ ನಾಯಕನನ್ನಾಗಿ ಆರಿಸಿದರು. ಎಂಥ ಧೈರ್ಯ! ಪಾತ್ರವು ಮುದಿ ರೈತ ಮಹಮ್ಮದ್ ಅಬು ಸುವೈಲಮನದು. ಕಾಲ 1930ರ ದಶಕ. ಹೊಲಕ್ಕೆ ನೀರು ಹಾಯಿಸುವ ಹತ್ತು ದಿನಗಳನ್ನು ಸರಕಾರವು ಐದಕ್ಕೆ ಇಳಿಸುತ್ತದೆ. ಅದೂ ಸಾಲದೆಂದು, ಜಮೀನ್ದಾರನ ಬಂಗಲೆಗೆ ರಸ್ತೆ ಹಾಕಲು ಹೊಲವನ್ನೇ ಕಿತ್ತುಕೊಳ್ಳಲಾಗುತ್ತದೆ. ಕೊನೆಗೆ ಕುದುರೆಗೆ ಕಟ್ಟಿ ಎಳೆದೊಯ್ಯುವಾಗಲೂ ಮುದುಕನ ನೆತ್ತರು ಸುರಿಯುವ ಬೆರಳುಗಳು ಹತ್ತಿಗಿಡದ ಬುಡದ ಮಣ್ಣನ್ನು ಬಿಡುವುದಿಲ್ಲ. ತುಂಡು ಹೊಲವಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1970ರಲ್ಲಿ ಚಿತ್ರವು ಕಾನ್ ಉತ್ಸವದ ಸ್ಪರ್ಧೆಗೆ ಹೋಯಿತು, ಪ್ರಶಸ್ತಿ ಬರಲಿಲ್ಲ. ಆದರೂ ಮೆಲೀಗಿಯವರ ಹೆಸರೆತ್ತಿದರೆ ಇಂದಿಗೂ ಮೊದಲು ನೆನಪಾಗುವುದು ಆ ರೈತನೇ.

1983ರ ಜೂನ್ 6ರಂದು 'ಅಯ್ಯೂಬ್' ಚಿತ್ರದ ಚಿತ್ರೀಕರಣಕ್ಕೆ ಸಿದ್ಧರಾಗಿ, ಕಾಫಿ ಕುಡಿಯುತ್ತ, ಓಮರ್ ಶರೀಫರೊಡನೆ ಮಾತನಾಡುತ್ತಿದ್ದವರು ಹಾಗೆಯೇ ತಲೆ ವಾಲಿಸಿದರು. ಸುತ್ತಲಿದ್ದವರು ಅದನ್ನೂ ಅಭಿನಯವೆಂದೇ ಭಾವಿಸಿದರಂತೆ.