ಶಕುನದ ಪುಸ್ತಕ ಕೈಗೆತ್ತಿಕೊಂಡ ಭಿಕ್ಷು


ಇಂದಿನ ಧಮ್ಮ ಚಿಂತನೆ

ಬಂಧುಗಳೇ, ಬಾಬಾಸಾಹೇಬರ ದಾರಿ ಹಿಡಿದ ಮನೆಗಳಲ್ಲೂ ಮಗಳ ಮದುವೆ ಬಂತೆಂದರೆ ಒಳಗೊಳಗೇ ಪಂಚಾಂಗ ಕೇಳುವುದುಂಟು. ಮುಂದೇನಾಗುತ್ತದೋ ಎಂಬ ಭಯ ಅಂಥದು. ಅದಕ್ಕೇ ಇಂದು ಚೀನಾದ ಭಿಕ್ಷು ಓಯಿ ಝಿಶೂ ಅವರ ಬದುಕನ್ನು ನೋಡೋಣ.

ಹುಟ್ಟಿದ್ದು 1599ರಲ್ಲಿ, ಸೂಝೌ ಬಳಿಯ ಮೂದೂ ಎಂಬ ಊರಿನಲ್ಲಿ. ಹುಡುಗನಾಗಿದ್ದಾಗ ಕನ್‌ಫ್ಯೂಷಿಯಸ್ ಪಂಥದ ಓದಿನ ಹುಮ್ಮಸ್ಸಿನಲ್ಲಿ ಬೌದ್ಧ ಧಮ್ಮವನ್ನು ಹಳಿದು ಹತ್ತಾರು ಲೇಖನ ಬರೆದರು. 17ನೆಯ ವಯಸ್ಸಿನಲ್ಲಿ ಭಿಕ್ಷು ಝೂಹೊಂಗ್ ಅವರ ಬರಹ ಓದಿ ಅವನ್ನೆಲ್ಲ ಸುಟ್ಟುಹಾಕಿದರು. 1622ರಲ್ಲಿ ಚೀವರ ತೊಟ್ಟರು.

ಒಂದು ಸಂಗತಿ ಮುಚ್ಚಿಡಬಾರದು. ಇವರೂ ಚೀಟಿ ಎತ್ತುತ್ತಿದ್ದವರೇ. ಯಾವ ಪಂಥದ ರೀತಿಯಲ್ಲಿ ಸೂತ್ರಕ್ಕೆ ವ್ಯಾಖ್ಯಾನ ಬರೆಯಬೇಕು ಎಂಬುದನ್ನೂ ಹಾಗೆಯೇ ತೀರ್ಮಾನಿಸಿದರು. ಭಗವಾನ್ ಬುದ್ಧರು ಭಿಕ್ಷುಗಳಿಗೆ ಶಕುನ, ಭವಿಷ್ಯ ಬೇಡವೆಂದಿದ್ದರು. ಈ ವಿಷಯದಲ್ಲಿ ನಾವು ಝಿಶೂ ಅವರ ಹಿಂದೆ ಹೋಗಬೇಕಿಲ್ಲ.

1641ರ ಚಳಿಗಾಲದಲ್ಲಿ, ಫೂಜಿಯನ್ ಪ್ರಾಂತ್ಯದಲ್ಲಿದ್ದಾಗ, ಅವರು ಚೀನಾದ ಪುರಾತನ ಶಕುನದ ಪುಸ್ತಕ 'ಈ ಚಿಂಗ್'ಗೆ ವ್ಯಾಖ್ಯಾನ ಬರೆಯತೊಡಗಿದರು. ಇಡೀ ಗೆರೆ, ತುಂಡು ಗೆರೆ, ಆರಾರು ಸೇರಿ ಒಂದೊಂದು ಚಿಹ್ನೆ, ಒಟ್ಟು 64. ಜನ ಒಣ ಕಡ್ಡಿ ಎಣಿಸಿ, ತಮಗೆ ಬಂದ ಚಿಹ್ನೆಯಲ್ಲಿ ಹಣೆಬರಹ ಹುಡುಕುತ್ತಿದ್ದರು. ಝಿಶೂ ಅದನ್ನೇ ಮನಸ್ಸು ಪಳಗಿಸುವ ಪುಸ್ತಕವಾಗಿ ಓದಿದರು. 29ನೆಯ ಚಿಹ್ನೆ 'ಕಾನ್' ನೋಡಿ: ನೀರಿನ ಮೇಲೆ ನೀರು, ಅಪಾಯದ ಮೇಲೆ ಅಪಾಯ. ಆ ಪುಸ್ತಕದ ಹಳೆಯ ವಿವರಣೆಯೂ ಹೆದರಿ ಓಡು ಎನ್ನುವುದಿಲ್ಲ. ನೀರು ಅಪಾಯದ ನಡುವೆಯೂ ಹರಿಯುತ್ತದೆ, ತನ್ನ ಗುಣ ಬಿಡುವುದಿಲ್ಲ. ಸಜ್ಜನನೂ ಶೀಲವನ್ನು, ಕಲಿಸುವ ಕೆಲಸವನ್ನು ಬಿಡಬಾರದು ಎಂಬುದು ಅದರ ಭಾವ.

ಬೇರೆ ಕೆಲಸ ಬಂದು ಬರವಣಿಗೆ ನಡುವೆ ನಿಂತಿತು. ಅಷ್ಟರಲ್ಲಿ ರಾಜ್ಯವೇ ಕುಸಿಯಿತು. 1644ರಲ್ಲಿ ಬೀಜಿಂಗ್ ಬಂಡಾಯಗಾರರ ವಶವಾಗಿ ಮಿಂಗ್ ಚಕ್ರವರ್ತಿ ನೇಣು ಹಾಕಿಕೊಂಡ. ಮರುವರ್ಷ ನಾನ್‌ಜಿಂಗ್ ಮಂಚೂ ಸೈನ್ಯಕ್ಕೆ ಶರಣಾಯಿತು. ಅದೇ ಬೇಸಿಗೆ, ಅದೇ ನಗರ. ಹೊರಗೆ ಸೈನ್ಯ, ಕೈಯಲ್ಲಿ ಶಕುನದ ಪುಸ್ತಕ. ನಮ್ಮಲ್ಲಿ ಯಾರಾದರೂ ಆಗಿದ್ದರೆ ಮೊದಲು ನಮ್ಮ ಗತಿ ಏನೆಂದೇ ಕೇಳುತ್ತಿದ್ದೆವು! ಅವರು ಉಳಿದ ಚಿಹ್ನೆಗಳ ವ್ಯಾಖ್ಯಾನ ಬರೆದು ಮುಗಿಸಿದರು. ಕೊನೆಗೊಂದು ಲೆಕ್ಕವನ್ನೂ ಬರೆದಿಟ್ಟರು: ಶುರುಮಾಡಿ 1,200 ಚಿಲ್ಲರೆ ದಿನ, ಕ್ರಮಿಸಿದ ದಾರಿ 3,000 ಚಿಲ್ಲರೆ ಲೀ (ನಮ್ಮ ಅಳತೆಯಲ್ಲಿ 1,500 ಕಿಲೋಮೀಟರಿಗೂ ಹೆಚ್ಚು), ಅಷ್ಟರಲ್ಲೇ ಲೋಕ ಕನಸಿನಂತೆ ಬದಲಾಗಿತ್ತು.

ಆಮೇಲೂ ಹತ್ತು ವರ್ಷ, ಕಾಯಿಲೆಯ ನಡುವೆಯೇ ಬರೆಯುತ್ತ, ಕಲಿಸುತ್ತ ಇದ್ದು 1655ರಲ್ಲಿ ಕಣ್ಮುಚ್ಚಿದರು.